ಊರಿನ ಲೈಸೆನ್ಸು, ಪರದೇಶದ ರಸ್ತೆ



ಮುಂಬಯಿಯ ನಮ್ಮ ಕನ್ನಡ ಮನೆಗಳ ಮಕ್ಕಳು ಉದ್ಯೋಗಕ್ಕಾಗಿ ಇಂಗ್ಲೆಂಡಿಗೆ ಹೋಗಿ ನೆಲಸುತ್ತಿದ್ದಾರೆ. ಹೋಗುವಾಗ ಉಪ್ಪಿನಕಾಯಿ, ಚಟ್ನಿಪುಡಿಗಳ ಜೊತೆಗೆ ಇಲ್ಲಿಯ ಡ್ರೈವಿಂಗ್ ಲೈಸೆನ್ಸನ್ನೂ ಒಯ್ಯುತ್ತಾರೆ. ಅಲ್ಲಿಯೂ ವಾಹನಗಳು ರಸ್ತೆಯ ಎಡಗಡೆಯಲ್ಲೇ ಸಾಗುವುದರಿಂದ ಚಿಂತೆಯಿಲ್ಲವೆಂಬುದು ಅವರ ನಂಬಿಕೆ. ಆ ನಂಬಿಕೆಗೆ ಒಂದೇ ವರ್ಷದ ಆಯುಸ್ಸು ಎಂದು ತಮ್ಮಲ್ಲಿ ಅರಿಕೆ ಮಾಡಿಕೊಳ್ಳಬಯಸುತ್ತೇನೆ.

ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ನೆಲಸಲು ಹೋದವರು ಭಾರತದ ಲೈಸೆನ್ಸಿನ ಮೇಲೆ 12 ತಿಂಗಳು ಕಾರು ನಡೆಸಬಹುದು. ಈ ಗಡುವನ್ನು ಎಣಿಸುವುದು ವಾಸ ಆರಂಭಿಸಿದ ದಿನದಿಂದಲೇ ಹೊರತು ಕಾರು ಕೊಂಡ ದಿನದಿಂದಲ್ಲ. ನಡುವೆ ಯುಗಾದಿಗೆಂದು ಊರಿಗೆ ಬಂದು ಮರಳಿದ ಮಾತ್ರಕ್ಕೆ ಲೆಕ್ಕ ಹೊಸದಾಗುವುದಿಲ್ಲ. ಆಸ್ಟ್ರೇಲಿಯಾ, ಜಪಾನ್, ಸಿಂಗಪುರ ಮೊದಲಾದ ದೇಶಗಳ ಲೈಸೆನ್ಸನ್ನು ಕೊಟ್ಟು ಅಲ್ಲಿಯದನ್ನು ಪಡೆಯಬಹುದು; ಭಾರತ ಆ ಪಟ್ಟಿಯಲ್ಲಿಲ್ಲ. ನಮ್ಮ ಆರ್.ಟಿ.ಓ. ಕಚೇರಿ ಕೊಡುವ ಅಂತರರಾಷ್ಟ್ರೀಯ ಪರವಾನೆಯೂ ಈ ಗಡುವನ್ನು ಮುಂದಕ್ಕೆ ಹಾಕದು.

ಬ್ಯಾಂಕಿನ ಕೌಂಟರಿನಲ್ಲಿ ಕೂರುವ ನನಗೆ ಇದು ಚೆಕ್ಕಿನಂತೆ ತೋರುತ್ತದೆ. ಖಾತೆಯಲ್ಲಿ ಹಣವಿದೆ, ಸಹಿಯೂ ಸರಿಯಾಗಿದೆ; ಆದರೆ ಬರೆದ ತಾರೀಖಿನಿಂದ ಮೂರು ತಿಂಗಳು ಕಳೆದಿದ್ದರೆ ಹಣ ಸಿಕ್ಕದು. ಹಾಗೆಯೇ ಕೈ ಎಷ್ಟೇ ಪಳಗಿರಲಿ, ಗಡುವು ಮೀರಿದವನು ಕಾನೂನಿನ ಕಣ್ಣಿಗೆ ಲೈಸೆನ್ಸಿಲ್ಲದವನೇ ಸರಿ.

ಇದರ ಫಲವೇನು? ಅಲ್ಲಿಯ 1988ರ ರಸ್ತೆ ಸಂಚಾರ ಕಾಯಿದೆಯ 87ನೆಯ ಕಲಮಿನಂತೆ ಇದು ಅಪರಾಧ. 1,000 ಪೌಂಡುಗಳವರೆಗೆ ದಂಡ, 3ರಿಂದ 6 ದಂಡಾಂಕಗಳು. ಪೊಲೀಸರು ಕಾರನ್ನೂ ಜಪ್ತು ಮಾಡಬಹುದು. ಅಲ್ಲಿಯ ಲೈಸೆನ್ಸು ಇನ್ನೂ ಕೈಗೆ ಬಾರದಿದ್ದರೂ, ಹೆಸರಿಗೊಂದು ದಾಖಲೆ ತೆರೆದು ಅಂಕಗಳನ್ನು ಬರೆದಿಡುತ್ತಾರೆ. ಕೋರ್ಟಿನಲ್ಲಿ ಶಿಕ್ಷೆಯಾದರೆ ಮುಂದೆ ವೀಸಾ, ಪೌರತ್ವಗಳ ಅರ್ಜಿಯಲ್ಲಿ ಅದನ್ನು ತಿಳಿಸಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ಗಂಡಾಂತರ ವಿಮೆಯದು. ಕಂತು ಕಟ್ಟಿದ್ದರೂ, ಸರಿಯಾದ ಲೈಸೆನ್ಸು ಇಲ್ಲದವನಿಗೆ ಪಾಲಿಸಿಯ ರಕ್ಷಣೆ ತಪ್ಪಿಹೋಗಬಹುದು. ಆಗ ವಿಮೆಯಿಲ್ಲದೆ ಕಾರು ನಡೆಸಿದ ಇನ್ನೊಂದು ಅಪರಾಧವೂ ಸೇರುತ್ತದೆ. ಅದಕ್ಕೆ 6ರಿಂದ 8 ಅಂಕಗಳು. ಅಪಘಾತದಲ್ಲಿ ಗಾಯಗೊಂಡವರಿಗೆ ವಿಮಾ ಕಂಪನಿ ಪರಿಹಾರ ಕೊಟ್ಟರೂ, ಆ ಮೊತ್ತವನ್ನು ಕಾರು ನಡೆಸಿದವನಿಂದಲೇ ವಸೂಲು ಮಾಡುವ ಹಕ್ಕು ಅದಕ್ಕಿದೆ. ಒಂದು ಗಳಿಗೆಯ ಅಪಘಾತ ಜೀವಮಾನದ ಸಾಲವಾದೀತು.

ಪರಿಹಾರ ಕಠಿಣವಲ್ಲ. ಹೋದ ಮೊದಲ ತಿಂಗಳುಗಳಲ್ಲೇ ಪ್ರೊವಿಶನಲ್ ಲೈಸೆನ್ಸಿಗೆ ಅರ್ಜಿ ಹಾಕಬೇಕು. ನಿಯಮಗಳ ಪರೀಕ್ಷೆಯನ್ನೂ ಬಳಿಕ ರಸ್ತೆಯ ಪರೀಕ್ಷೆಯನ್ನೂ ಮುಗಿಸಬೇಕು. ಪರೀಕ್ಷೆಯ ಸರದಿಗೆ ತಿಂಗಳುಗಟ್ಟಲೆ ಕಾಯಬೇಕಾಗುವುದರಿಂದ ಹನ್ನೊಂದನೆಯ ತಿಂಗಳಲ್ಲಿ ಎಚ್ಚತ್ತರೆ ಸಾಲದು. ತೇರ್ಗಡೆಯಾಗುವ ಮೊದಲೇ ವರ್ಷ ತುಂಬಿತೆನ್ನಿ. ಆಮೇಲೆ ಕಾರಿಗೆ ‘ಎಲ್’ ಫಲಕ ಹಚ್ಚಿ, ಮೂರು ವರ್ಷ ಲೈಸೆನ್ಸು ಹೊಂದಿದ, 21 ತುಂಬಿದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಕ್ಕ ವಿಮೆಯೊಂದಿಗೇ ನಡೆಸಬೇಕು.

ಮಕ್ಕಳು ಫೋನು ಮಾಡಿದಾಗ ‘ಊಟವಾಯಿತೇ?’ ಎಂದು ಕೇಳುವ ತಾಯಂದಿರು ‘ಲೈಸೆನ್ಸಿನ ಪರೀಕ್ಷೆ ಆಯಿತೇನಪ್ಪಾ?’ ಎಂದೂ ಕೇಳಲಿ ಎಂದು ಪ್ರಾರ್ಥಿಸಿ, ನನ್ನ ಮಾತನ್ನು ಮುಗಿಸುತ್ತೇನೆ.