ರೇಡಿಯೋ ಮುಳ್ಳು ಎಲ್ಲಿ ನಿಲ್ಲಬೇಕು?



ಇವತ್ತು ಹಳೆಯ ರೇಡಿಯೋ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. "ಈಗ ಯಾರ ಮನ್ಯಾಗ ರೇಡಿಯೋ ಐತಿ?" ಅಂತ ನೀವು ಕೇಳಬಹುದು. ಅಟ್ಟದ ಮೇಲೆ ಹುಡುಕಿ ನೋಡಿ. ಧೂಳು ಹಿಡಿದ ಟ್ರಾನ್ಸಿಸ್ಟರ್ ಒಂದು ಸಿಕ್ಕರೂ ಸಿಗಬಹುದು.

ಮೊದಲು ನಮ್ಮ ಅವ್ವನ ಕತೆ ಕೇಳಿ.

ನಮ್ಮದು ಆದೋನಿ ಕಡೆಯ ಹಳ್ಳಿ. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ರೇಡಿಯೋ ಬೇಕೇ ಬೇಕು. ಧಾರವಾಡ ನಿಲಯ ಬರುವ ಜಾಗದಲ್ಲಿ ಅವಳು ಒಂದು ಕುಂಕುಮದ ಬೊಟ್ಟು ಇಟ್ಟಿದ್ದಳು. ಮುಳ್ಳು ಬೊಟ್ಟಿಗೆ ಬಂದರೆ ಕನ್ನಡ ಕೇಳುತ್ತಿತ್ತು.

ನಾನು ಆಗ ರಿಪೇರಿ ಕಲಿಯುತ್ತಿದ್ದ ಹುಡುಗ. ಒಂದು ದಿನ ಹಿಂದಿನ ಮುಚ್ಚಳ ಬಿಚ್ಚಿದೆ. ಒಳಗೆ ಬಣ್ಣ ಬಣ್ಣದ ತಿರುಪುಗಳು ಕಂಡವು. ಕೈ ಸುಮ್ಮನಿರಲಿಲ್ಲ. ಕೆಂಪು ತಿರುಪನ್ನು ತಿರುಗಿಸಿಬಿಟ್ಟೆ. ಮರುದಿನ ಅವ್ವ ಮುಳ್ಳನ್ನು ಬೊಟ್ಟಿಗೆ ತಂದಳು. ಧಾರವಾಡ ಬರಲಿಲ್ಲ. ಹೈದರಾಬಾದಿನ ತೆಲುಗು ವಾರ್ತೆ ಬಂತು.

"ಏನೋ ತಮ್ಮಾ, ನನ್ನ ಧಾರವಾಡ ಎಲ್ಲಿ ಕಳೆದಿಯೋ?" ಅಂದಳು.

ತೆಲುಗು ನಮಗೆ ಹೊರಗಿನ ಭಾಷೆಯಲ್ಲ. ಸಂತೆಯಲ್ಲಿ, ಕಚೇರಿಯಲ್ಲಿ ಅದನ್ನೇ ಆಡುತ್ತೇವೆ. ಆದರೆ ಅವ್ವನಿಗೆ ಮನೆಮಾತು ಬೇಕಿತ್ತು. 1953ರವರೆಗೆ ಆದೋನಿ, ಆಲೂರು ಎರಡೂ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಹೋಯಿತು. ನಾವು ಆಂಧ್ರದಲ್ಲಿ ಉಳಿದೆವು. ಗಡಿ ಬಂದರೂ ಧಾರವಾಡದ ದನಿ ನಿಲ್ಲಲಿಲ್ಲ. ಆ ನಿಲಯ 1950ರಿಂದ ಇದೆ. ಗಾಳಿಗೆ ಗಡಿ ಎಲ್ಲಿ?

ಹಾಗಾದರೆ ಅವ್ವನ ಧಾರವಾಡ ಎಲ್ಲಿ ಹೋಗಿತ್ತು?

ಪ್ರತಿ ನಿಲಯಕ್ಕೂ ಒಂದು ಅಂಕಿ ಇರುತ್ತದೆ. ಅದಕ್ಕೆ ಆವರ್ತನ ಎನ್ನುತ್ತಾರೆ. ಮಧ್ಯಮ ತರಂಗದಲ್ಲಿ ಧಾರವಾಡದ್ದು 765 ಕಿಲೋಹರ್ಟ್ಸ್. ಅಂದರೆ ಒಂದು ಸೆಕೆಂಡಿಗೆ 7 ಲಕ್ಷ 65 ಸಾವಿರ ಸಲ ಅಲೆ ಎದ್ದು ಬೀಳುತ್ತದೆ. ಹೈದರಾಬಾದಿನದು 738. ಎರಡಕ್ಕೂ ನಡುವೆ ಎಷ್ಟು? ಕಳೆದು ನೋಡಿ. ಬರೀ 27. ಡಯಲ್ ಮೇಲೆ ಅದು ಒಂದೆರಡು ಕೂದಲೆಳೆಯಷ್ಟು ಜಾಗ. ನಾನು ತಿರುಪು ತಿರುಗಿಸಿದ್ದಕ್ಕೆ ನಿಲಯಗಳೆಲ್ಲ ಅಷ್ಟು ಸರಿದಿದ್ದವು.

ಕೆಲವು ಡಯಲ್‌ಗಳಲ್ಲಿ 54, 60, 70, 80, 100, 120, 160 ಎಂದು ಬರೆದಿರುತ್ತಾರೆ. ಅಲ್ಲಿ ಒಂದು ಸೊನ್ನೆ ಸೇರಿಸಿ ಓದಬೇಕು. 70 ಅಂದರೆ 700. 80 ಅಂದರೆ 800. ಧಾರವಾಡದ 765 ಈ ಎರಡರ ನಡುವೆ ಬರುತ್ತದೆ.

ಇದನ್ನು ಮನೆಯಲ್ಲೇ ಸರಿ ಮಾಡಬಹುದು. ಬ್ಯಾಟರಿ ಸೆಲ್ಲಿನ ಟ್ರಾನ್ಸಿಸ್ಟರ್ ಮಾತ್ರ ಬಿಚ್ಚಿ. ಕರೆಂಟಿನ ಹಳೆಯ ವಾಲ್ವ್ ರೇಡಿಯೋ ಬಿಚ್ಚಲೇಬೇಡಿ. ಅದರೊಳಗೆ 200 ವೋಲ್ಟಿಗೂ ಹೆಚ್ಚು ಇರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಹೊಡೆಯುತ್ತದೆ. ಜೀವ ಹೋದೀತು.

1. ಮೊದಲು ಹೊಸ ಸೆಲ್ಲು ಹಾಕಿ. ಸೆಲ್ಲು ಸತ್ತಿದ್ದರೆ ಯಾವ ನಿಲಯವೂ ಸರಿಯಾಗಿ ಬರುವುದಿಲ್ಲ.

2. ಗುಂಡಿಯನ್ನು 54ರ ಕಡೆ ಕೊನೆಯವರೆಗೆ ತಿರುಗಿಸಿ. ಮುಳ್ಳು ಗೆರೆಯ ಕೊನೆಗೆ ನಿಲ್ಲಬೇಕು. ನಿಲ್ಲದಿದ್ದರೆ ಮುಳ್ಳು ಎಳೆಯುವ ದಾರ ಜಾರಿದೆ. ಮುಳ್ಳನ್ನು ದಾರದ ಮೇಲೆ ಸರಿಸಿದರೆ ಸಾಕು. ಎಷ್ಟೋ ರೇಡಿಯೋಗಳ ರೋಗ ಇಷ್ಟೇ.

3. ಇನ್ನೂ ಸರಿಯಾಗದಿದ್ದರೆ ಮುಚ್ಚಳ ತೆಗೆಯಿರಿ. ಹೆಚ್ಚಿನ ಸೆಟ್ಟುಗಳಲ್ಲಿ ಕೆಂಪು, ಹಳದಿ, ಬಿಳಿ, ಕಪ್ಪು ತಲೆಯ ಕಾಯಿಲ್‌ಗಳಿರುತ್ತವೆ. ಮುಟ್ಟಬೇಕಾದ್ದು ಕೆಂಪು ಒಂದೇ. ಉಳಿದ ಮೂರನ್ನು ಬಿಡಿ. ಅವು 455 ಕಿಲೋಹರ್ಟ್ಸ್‌ಗೆ ಕೂಡಿಸಿದವು. ಅವನ್ನು ಕೆಡಿಸಿದರೆ ಮನೆಯಲ್ಲಿ ಸರಿ ಮಾಡಲು ಆಗುವುದಿಲ್ಲ.

4. ತಿರುಗಿಸುವ ಮೊದಲು ಇದ್ದ ಜಾಗಕ್ಕೆ ಗುರುತು ಹಾಕಿ. ಕಬ್ಬಿಣದ ಸ್ಕ್ರೂಡ್ರೈವರ್ ಬೇಡ. ಕಬ್ಬಿಣ ಹತ್ತಿರ ಬಂದರೇ ನಿಲಯ ಸರಿಯುತ್ತದೆ. ಬಿದಿರು ಕಡ್ಡಿಯ ತುದಿಯನ್ನು ಚಪ್ಪಟೆ ಕೆತ್ತಿಕೊಳ್ಳಿ. ಕಾಯಿಲ್ ಒಳಗಿನ ತಿರುಪು ಬಳಪದ ಹಾಗೆ. ಜೋರು ಮಾಡಿದರೆ ಒಡೆಯುತ್ತದೆ.

5. ಅಂಕಿ ಗೊತ್ತಿರುವ ಎರಡು ನಿಲಯ ಬೇಕು. 54ರ ಕಡೆಗೆ ಒಂದು, 160ರ ಕಡೆಗೆ ಒಂದು. ನಾನು ಬೆಂಗಳೂರಿನ 612 ಮತ್ತು ಕಲಬುರಗಿಯ 1107 ಹಿಡಿದೆ. ಮುಳ್ಳನ್ನು 612ಕ್ಕೆ ಇಟ್ಟೆ. ಬೆಂಗಳೂರು ಕೇಳುವವರೆಗೆ ಕೆಂಪು ತಿರುಪನ್ನು ಮೆಲ್ಲಗೆ ತಿರುಗಿಸಿದೆ. ಆಮೇಲೆ ಮುಳ್ಳನ್ನು 1107ಕ್ಕೆ ಇಟ್ಟೆ. ಕಲಬುರಗಿ ಕೇಳುವವರೆಗೆ ಗ್ಯಾಂಗಿನ ಮೇಲಿರುವ ಸಣ್ಣ ಟ್ರಿಮ್ಮರ್ ತಿರುಗಿಸಿದೆ.

6. ಮತ್ತೆ 612ಕ್ಕೆ ಬನ್ನಿ. ಅದು ಸ್ವಲ್ಪ ಸರಿದಿರುತ್ತದೆ. ಬೇಸರ ಬೇಡ. ಎರಡೂ ಕಡೆ ಎರಡು ಮೂರು ಸಲ ಮಾಡಬೇಕು. ತಕ್ಕಡಿ ತೂಗಿದ ಹಾಗೆ. ಎರಡು ತುದಿ ಸರಿಹೋದರೆ ನಡುವಿನ ನಿಲಯಗಳೂ ಜಾಗಕ್ಕೆ ಬರುತ್ತವೆ.

ಈಗ ಕೆಲವು ಕಡೆ ಮಧ್ಯಮ ತರಂಗ ನಿಂತಿದೆ. ಎಫ್‌ಎಂ ಬಂದಿದೆ. ಅದಕ್ಕೆ ಮೊದಲು ಬೇರೆ ಒಳ್ಳೆಯ ರೇಡಿಯೋದಲ್ಲಿ ನಿಮ್ಮ ಊರಿಗೆ ಯಾವ ನಿಲಯ ಬರುತ್ತದೆ ಕೇಳಿ. ಅದರ ಅಂಕಿ ಬರೆದುಕೊಳ್ಳಿ.

ಒಂದು ಎಚ್ಚರಿಕೆ. ನಾನು ಹೇಳಿದ್ದು ಬರೀ ಕೇಳುವ ರೇಡಿಯೋಗೆ. ಮಾತು ಕಳಿಸುವ ರೇಡಿಯೋ ಬೇರೆ. ಅದರಲ್ಲಿ ಒಂದು ಜಾತಿಗೆ ಸಿಬಿ ರೇಡಿಯೋ ಎನ್ನುತ್ತಾರೆ. 26.957ರಿಂದ 27.283 ಮೆಗಾಹರ್ಟ್ಸ್ ಒಳಗೆ, 5 ವ್ಯಾಟ್ ಮೀರದಂತೆ, ಲೈಸೆನ್ಸ್ ಇಲ್ಲದೆ ಅದನ್ನು ಬಳಸಲು 2005ರಲ್ಲಿ ನಿಯಮ ಬಂತು. ಅದರ ಆವರ್ತನವನ್ನು ಅಂದಾಜಿನ ಮೇಲೆ ತಿರುಗಿಸಬಾರದು. ನಮ್ಮ ರೇಡಿಯೋ ಸರಿದರೆ ನಮಗಷ್ಟೇ ನಷ್ಟ. ಅದು ಸರಿದರೆ ಇನ್ನೊಬ್ಬರ ಮಾತಿಗೆ ಅಡ್ಡ ಬರುತ್ತದೆ. ಅಳೆಯುವ ಮೀಟರ್ ಇರುವ ಮೆಕ್ಯಾನಿಕ್ ಕೈಗೇ ಕೊಡಿ.

ಅವ್ವನ ರೇಡಿಯೋ ಸರಿಮಾಡಲು ನನಗೆ ಮೂರು ಸಂಜೆ ಹಿಡಿಯಿತು. ಧಾರವಾಡ ಮತ್ತೆ ಬೊಟ್ಟಿಗೆ ಬಂತು. ಅವ್ವ ನಕ್ಕಳು. ಆಮೇಲೆ ಕೇಳಿದಳು: "ಬೊಟ್ಟು ಅಳಿಸಿಹೋದರೆ ಏನು ಮಾಡ್ಲಿ?"

ಅವತ್ತು ಅವಳಿಗೆ ಮೂರು ಅಂಕಿ ಕಲಿಸಿದೆ. 7, 6, 5. ನಮ್ಮ ಅವ್ವ ಮೊದಲು ಓದಿದ್ದು ತನ್ನ ಹೆಸರಲ್ಲ, ಧಾರವಾಡದ ಅಂಕಿ. ಬೊಟ್ಟು ಒಂದು ರೇಡಿಯೋಗೆ ಮಾತ್ರ. ಅಂಕಿ ಓದಲು ಬಂದರೆ ಯಾರ ಮನೆಯ ರೇಡಿಯೋದಲ್ಲಾದರೂ ನಿಮ್ಮ ನಿಲಯ ಹುಡುಕಬಹುದು.

ಮುಂದಿನ ಸಲ ಬರುವಾಗ ನಿಮ್ಮ ರೇಡಿಯೋ ಡಯಲ್ ಮೇಲಿನ ಅಂಕಿಗಳನ್ನು ಪಾಟಿಯ ಮೇಲೆ ಬರೆದು ತನ್ನಿ. ಎಲ್ಲರೂ ಕೂಡಿ ಓದೋಣ.