ತಂತಿ ಮುಟ್ಟದೆ ಬಂದ ಹಾಡು
(ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ, ಹತ್ತನೇ ತರಗತಿಯಲ್ಲಿದ್ದಾಗ ನಾವು ನಾಲ್ವರು ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಾಡಿದ ಒಂದು ಉಪಕರಣದ ಬಗ್ಗೆ ಹೇಳಬೇಕೆನಿಸಿದೆ. ಅದರಿಂದ ಈ ಊರಿಗೆ ಆಗಬೇಕಾದ ಉಪಯೋಗ ಇನ್ನೂ ಬಾಕಿ ಇದೆ.

ಮೋಟಾರ್ ರಿಪೇರಿ ಅಂಗಡಿಯಿಂದ ತೆಳುವಾದ ವೈಂಡಿಂಗ್ ವೈರ್ ತಂದು, ಸುಮಾರು 20 ಮೀಟರ್ ಸುತ್ತಳತೆಯ ಕೊಠಡಿಯ ಗೋಡೆಯಂಚಿಗೆ ಎರಡು ಸುತ್ತು ಹಾಸಿದೆವು. ಎರಡು ತುದಿಗಳನ್ನು ಟೇಪ್ ರೆಕಾರ್ಡರಿನಲ್ಲಿ ಸ್ಪೀಕರಿನ ಬದಲಿಗೆ ಜೋಡಿಸಿದೆವು. ತಂತಿಯ ರೋಧ ಎಂಟೊಂಬತ್ತು ಓಮ್, ಹೆಚ್ಚುಕಡಿಮೆ ಸ್ಪೀಕರಿನಷ್ಟೇ. ಹಾಗಾಗಿ ಟೇಪಿಗೆ ಹೊರೆಯಾಗಲಿಲ್ಲ. ಇದೇ ಪ್ರೇಷಕ. ಗ್ರಾಹಕಕ್ಕೆ ಪಂಪ್‌ಸೆಟ್ ಸ್ಟಾರ್ಟರಿನ ಹಳೆಯ ಕಾಯಿಲ್ ಸಿಕ್ಕಿತು. ಸಾವಿರಾರು ಸುತ್ತಿನ ಆ ಕಾಯಿಲನ್ನು ಟ್ರಾನ್ಸಿಸ್ಟರ್ ರೇಡಿಯೋದ ವಾಲ್ಯೂಮ್ ಕಂಟ್ರೋಲಿಗೆ ಬೆಸುಗೆ ಹಾಕಿ, ಇಯರ್‌ಫೋನ್ ಸಿಕ್ಕಿಸಿದೆವು. ಕೊಠಡಿಯೊಳಗೆ ಎಲ್ಲಿ ನಿಂತರೂ ಹಾಡು ಕೇಳುತ್ತಿತ್ತು!

ಇದು 1831ರಲ್ಲಿ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆ. ಹಾಡಿಗೆ ತಕ್ಕಂತೆ ತಂತಿಯ ವಿದ್ಯುತ್ ಏರಿಳಿದರೆ ಕಾಂತಕ್ಷೇತ್ರವೂ ಏರಿಳಿಯುತ್ತದೆ. ಆ ಏರಿಳಿತ ಕಾಯಿಲಿನಲ್ಲಿ ಮತ್ತೆ ವಿದ್ಯುತ್ತಾಗುತ್ತದೆ. ಕಾಯಿಲನ್ನು ನೆಟ್ಟಗೆ ಹಿಡಿದರೆ ಹಾಡು ಸ್ಪಷ್ಟ, ಅಡ್ಡ ಮಲಗಿಸಿದರೆ ಮಾಯ. ಕ್ಷೇತ್ರದ ದಿಕ್ಕು ಎಂದರೇನು ಎಂಬುದು ಪುಸ್ತಕಕ್ಕಿಂತ ಮೊದಲು ನಮ್ಮ ಕೈಗೆ ತಿಳಿಯಿತು. ಕರೆಂಟಿನ ವೈರಿನ ಬಳಿ ಹೋದರೆ 50 ಹರ್ಟ್ಸಿನ ಗುಂಯ್ ಎಂಬ ಸದ್ದು ಬೇರೆ.

ಕಿವಿ ಮಂದವಿದ್ದ ನಮ್ಮ ಸಹಪಾಠಿಯೊಬ್ಬ ಇಯರ್‌ಫೋನ್ ಇಟ್ಟುಕೊಂಡು, ಹಾಡಿನ ಮಾತುಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದ. ತರಗತಿಯಲ್ಲಿ ಅವನಿಗೆ ಪಾಠಕ್ಕಿಂತ ಗದ್ದಲವೇ ಹೆಚ್ಚು ಕೇಳುತ್ತಿತ್ತು. ಕಾಯಿಲಿಗೆ ಗದ್ದಲ ಕೇಳುವುದಿಲ್ಲ. ತಂತಿಯಲ್ಲಿ ಹರಿದದ್ದು ಮಾತ್ರ ಕೇಳುತ್ತದೆ.

ಅನೇಕ ಶ್ರವಣ ಸಾಧನಗಳಲ್ಲಿ ಇಂಥದೇ ಪುಟ್ಟ ಕಾಯಿಲ್ ಇರುತ್ತದೆ. ಅದನ್ನು ‘ಟಿ’ ಗುರುತಿನಿಂದ ತೋರಿಸುವುದುಂಟು. ಎಷ್ಟೋ ದೇಶಗಳ ಸಭಾಂಗಣಗಳಲ್ಲಿ, ಟಿಕೆಟ್ ಕೌಂಟರುಗಳಲ್ಲಿ ಅದಕ್ಕೆಂದೇ ತಂತಿ ಹಾಸಿರುತ್ತಾರೆ. ಈ ಸಭೆಯಲ್ಲೂ ನನ್ನ ಮಾತು ಪೂರ್ತಿ ಕೇಳಿಸದೆ, ಪಕ್ಕದವರ ಮುಖ ನೋಡಿ ಚಪ್ಪಾಳೆ ತಟ್ಟುತ್ತಿರುವ ಹಿರಿಯರು ಇದ್ದಾರೆ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಸುವರ್ಣ ಮಹೋತ್ಸವದ ನೆನಪಿಗೆ ಈ ಸಭಾಂಗಣಕ್ಕೆ ಒಂದು ಸುತ್ತು ತಂತಿ, ಅದಕ್ಕೆ ತಕ್ಕ ಆಂಪ್ಲಿಫೈಯರ್ ಹಾಕಿಸೋಣ. ಖರ್ಚನ್ನು ನಮ್ಮ ಬ್ಯಾಚಿನವರು ನೋಡಿಕೊಳ್ಳುತ್ತೇವೆ. ತಂತಿ ಹಾಸುವ, ಅಳೆಯುವ, ಕಿವಿಗೊಟ್ಟು ಪರೀಕ್ಷಿಸುವ ಕೆಲಸವನ್ನು ತಿಳಿದವರ ಜೊತೆ ನಿಂತು ಈ ಮಕ್ಕಳೇ ಮಾಡಲಿ. ಅಂದು ನಮ್ಮ ವಿಜ್ಞಾನ ಮೇಷ್ಟ್ರು ಬೀರುವಿನ ಬೀಗದ ಕೈ ನಮ್ಮ ಕೈಗೇ ಕೊಟ್ಟಿದ್ದರು. ಅದೇ ನಂಬಿಕೆ ಇವರಿಗೂ ಸಿಗಲಿ.