ನಾರಾಯಣ ಪೇಠೆಯ ಹಳೇ ಮನೆ

ಹಿಂಜೆವಾಡಿ ಕಡೆ ಆರಾಮಾಗಿ ಒಂದು ಫ್ಲ್ಯಾಟ್ ತಗೊಳ್ಳೋದು ಬಿಟ್ಟು, ಪುಣೆ ಊರೊಳಗೆ ಹಳೇ ಮನೆ ಯಾಕ್ ತಗೊಂಡ್ರಿ ಅಂತ ಆಫೀಸಿನಲ್ಲಿ ಈಗಲೂ ಕೇಳ್ತಾರೆ. ಕಾರಣ ನಮ್ಮವ್ವ. ಧಾರವಾಡದಿಂದ ನಮ್ಮ ಜೊತೆ ಇರೋಕೆ ಬಂದಳು. ಹದಿನಾಲ್ಕನೇ ಮಹಡಿಯಲ್ಲಿ ಅವಳಿಗೆ ಹೊತ್ತೇ ಹೋಗ್ತಿರಲಿಲ್ಲ. ನಡೆದು ಹೋದ್ರೆ ಕಾಯಿಪಲ್ಲೆ ಸಿಗಬೇಕು, ಗುಡಿ ಸಿಗಬೇಕು, ಅಷ್ಟೇ ಅವಳ ಬೇಡಿಕೆ.

ನಾರಾಯಣ ಪೇಠೆಯ ಈ ಮನೆ ಹದಿನಾಲ್ಕು ಅಡಿ ಅಗಲ, ಮೂರು ಅಂತಸ್ತು. ಎರಡೂ ಪಕ್ಕದ ಮನೆಗಳಿಗೂ ನಮಗೂ ಗೋಡೆ ಒಂದೇ. ಕೆಳಗೆ ಕಲ್ಲು, ಮೇಲೆ ಮಣ್ಣಲ್ಲಿ ಕಟ್ಟಿದ ಇಟ್ಟಿಗೆ, ಸಾಗವಾನಿ ತೊಲೆಗಳು. ನೋಡೋಕೆ ಬಂದ ಇಂಜಿನಿಯರ್ ಮೊದಲು ಕೇಳಿದ್ದು, "ಇದು ಪಾನ್‌ಶೆತ್‌ಗಿಂತ ಹಿಂದಿನದೋ, ಆಮೇಲಿನದೋ?" 1961ರ ಜುಲೈ 12ರಂದು ಪಾನ್‌ಶೆತ್ ಅಣೆಕಟ್ಟು ಒಡೆದು ಮುಠಾ ನದಿ ಈ ಪೇಠೆಗಳಿಗೆ ನುಗ್ಗಿತ್ತು. ಆ ನೀರಲ್ಲೂ ನಿಂತು ಉಳಿದ ಮನೆ ಇದು. ಆದರೆ ಅವರು ಹೇಳಿದ ಭಯ ಬೇರೆ. ಪಕ್ಕದವರು ನಾಳೆ ಬಿಲ್ಡರ್‌ಗೆ ಕೊಟ್ಟು ಕೆಡವಿಸಿದ್ರೆ, ಇಷ್ಟು ವರ್ಷ ಮಳೆಯನ್ನೇ ಕಾಣದ ಗೋಡೆ ಬಯಲಿಗೆ ಬೀಳುತ್ತೆ. ಅದಕ್ಕೆ ಬೇರೆಯಾಗಿ ದುಡ್ಡು ತೆಗೆದಿಡಿ ಅಂದ್ರು. ಇಟ್ಟಿದ್ದೀನಿ.

ನಾನು ಮಾಡಿದ ತಪ್ಪು ಹೇಳ್ತೀನಿ. ಇಬ್ಬರು ಅಣ್ಣತಮ್ಮಂದಿರು ಮಾರೋಕೆ ತಯಾರಿದ್ರು ಅಂತ ಎರಡು ಲಕ್ಷ ಟೋಕನ್ ಕೊಟ್ಟುಬಿಟ್ಟೆ. ಆಮೇಲೆ ವಕೀಲರು ಪ್ರಾಪರ್ಟಿ ಕಾರ್ಡ್ ತೆಗೆಸಿದ್ರೆ, ತೀರಿಹೋದ ಅಪ್ಪನ ಹೆಸರೇ ಇನ್ನೂ ಅದರಲ್ಲಿದೆ! ನಾಗಪುರದಲ್ಲಿ ಒಬ್ಬ ಅಕ್ಕ ಬೇರೆ ಇದ್ದಾರೆ, ಅವರಿಗೂ ಪಾಲಿದೆ. ಅವರ ಸಹಿಗೆ ಏಳು ತಿಂಗಳು ಹಿಡೀತು. ಟೋಕನ್ ಕೊಡೋಕೆ ಮುಂಚೆ ಕಾರ್ಡ್ ನೋಡಿ.

ಇನ್ನು ಕೆಳಗಿನ ಕೋಣೆ. ಅಲ್ಲಿ ಒಬ್ಬ ಆಜಿ ಇದ್ದಾರೆ, ಮದುವೆಯಾಗಿ ಬಂದಾಗಿನಿಂದ ಬಾಡಿಗೆಗೆ. ತಿಂಗಳಿಗೆ ತೊಂಬತ್ತು ರೂಪಾಯಿ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ, ಮನೆ ಮಾರಿದ ಮಾತ್ರಕ್ಕೆ ಇಂಥ ಬಾಡಿಗೆದಾರರ ಹಕ್ಕು ಹೋಗಲ್ಲ. ಕೊಂಡವರು ಮಾಲೀಕರಾಗ್ತಾರೆ, ಅಷ್ಟೇ. ಮನೆ ನಮ್ಮ ಕೈಗೆಟುಕೋ ಬೆಲೆಗೆ ಬಂದಿದ್ದೇ ಆ ಕೋಣೆಯಿಂದ. ಬ್ರೋಕರ್ ನಗ್ತಾ, "ಎಂಬತ್ತು ದಾಟಿದೆ ಸರ್, ಇನ್ನೆಷ್ಟು ದಿನ?" ಅಂದ.

ಅವ್ವ ಪಕ್ಕದಲ್ಲೇ ಕೂತಿದ್ದಳು. ಅವಳಿಗೂ ಎಪ್ಪತ್ತೆಂಟು, ಮರಾಠಿ ಚೆನ್ನಾಗಿ ತಿಳಿಯುತ್ತೆ. ಹೊರಗೆ ಬಂದು, "ಒಬ್ಬರ ಸಾವಿನ ದಾರಿ ಕಾಯೋ ಮನೀ ನನಗ ಬ್ಯಾಡಪಾ" ಅಂದಳು. ನಾನು ಸುಮ್ಮನಿದ್ದೆ. ಮನಸ್ಸಲ್ಲಿ ಆ ಲೆಕ್ಕ ನಾನೂ ಹಾಕಿದ್ದೆ, ಸುಳ್ಳು ಹೇಳಲ್ಲ.

ಮಾರನೇ ದಿನ ಅವ್ವನೇ ಆಜಿ ಹತ್ತಿರ ಹೋಗಿ ಕೂತು ಮಾತಾಡಿ ಬಂದಳು. ಆಜಿ ಕೇಳಿದ್ದು ಒಂದೇ: ಪಾವತಿ ಕೊಡ್ತೀರಾ? ಹಳೇ ಮಾಲೀಕರು ಕೊಡೋದು ನಿಲ್ಲಿಸಿ ಆರು ವರ್ಷ ಆಗಿತ್ತಂತೆ.

ಈಗ ಪ್ರತಿ ತಿಂಗಳು ಒಂದನೇ ತಾರೀಕು ಬೆಳಿಗ್ಗೆ, ಸ್ಟ್ಯಾಂಡಪ್ ಕಾಲ್‌ಗೂ ಮುಂಚೆ, ನಾನು ಕೆಳಗಿಳಿದು ಹೋಗಿ ಪಾವತಿ ಬರೆದುಕೊಡ್ತೀನಿ. ಆಜಿ ಕನ್ನಡಕ ಹಾಕಿಕೊಂಡು ತಾರೀಕು ಓದಿ, ಆಮೇಲೆ ಡಬ್ಬಿಯಲ್ಲಿ ಇಡ್ತಾರೆ.